ತಮ್ಮನ ಪಾಲು

ಬಾಂಗ್ಲಾ ಯುದ್ಧ ನಡೆದ ವರ್ಷ, ನಾಗರ ಪಂಚಮಿಯಂದು, ನಾನು ನನ್ನ ತಮ್ಮನ ಪಾಲಿನ ಹಾಲು ಎರೆಯಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟೆ. ಆಮೇಲೆ ಅವನು ಬಂದು ಕೇಳಿದಾಗ ಎರೆದಿದ್ದೇನೆ ಎಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿಕೊಂಡೇ ಅವನು ಗಡಿಗೆ ಹೋದ. ಮತ್ತೆ ಬರಲಿಲ್ಲ.

ನಮ್ಮ ಕಡೆ ಪಂಚಮಿಗೆ ಹೆಂಗಸರು ಹುತ್ತಕ್ಕೋ ನಾಗರಕಲ್ಲಿಗೋ ಹಾಲು ಎರೆಯುವ ಪದ್ಧತಿ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಒಣ ಕೊಬ್ಬರಿಯ ಬಟ್ಟಲಿನಲ್ಲಿ ಬೆಲ್ಲದ ಚೂರು ಇಟ್ಟು, ಹಾಲು ಹಾಕಿಕೊಂಡು, ಮನೆಯ ಒಬ್ಬೊಬ್ಬರಿಗೂ ಒಂದೊಂದು ಪಾಲು ಎರೆಯುತ್ತೇವೆ. ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಪ್ಪನ ಪಾಲು, ತಮ್ಮನ ಪಾಲು. ಬಾಯಿಬಿಟ್ಟು ಹೇಳುತ್ತಲೇ ಎರೆಯಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಅದು ಎರೆದ ಲೆಕ್ಕಕ್ಕೆ ಬರುವುದಿಲ್ಲ. ಯಾರ ಪಾಲು ಬಿತ್ತೋ ಅವರಿಗೆ ಆ ವರ್ಷ ಹಾವು ಚೇಳು ಮುಟ್ಟುವುದಿಲ್ಲ, ಕೇಡು ಹತ್ತಿರ ಬರುವುದಿಲ್ಲ ಅಂತ ನಂಬಿಕೆ. ಬದುಕಿರುವವರಿಗೆ ಮಾತ್ರ ಎರೆಯುತ್ತಾರೆ. ಹೋದವರಿಗೆ ಎರೆಯುವುದಿಲ್ಲ.

ಅವನು ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ನಮ್ಮದು ಕುರುಗೋಡು. ಗುಡ್ಡದ ಕೆಳಗೆ ಅಪ್ಪನ ಹೊಲ, ಒಂದು ಕಡೆ ಮೆಣಸಿನಕಾಯಿ, ಒಂದು ಕಡೆ ಜೋಳ. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಅವ್ವ ಹಾಸಿಗೆ ಹಿಡಿದಳು. ರೊಟ್ಟಿ ಬಡಿಯುವವರು ಬೇಕಾಯಿತು, ನನ್ನ ಶಾಲೆ ನಿಂತಿತು. ನಾನು ಬಿಟ್ಟ ತರಗತಿಯನ್ನು ದಾಟಿದ ಮೇಲೆ ತಮ್ಮ, ಶಾಲೆಯಿಂದ ಬಂದವನೇ ಚೀಲ ಬಿಸಾಡಿ ಒಲೆಯ ಮುಂದೆ ಕುಳಿತು ಆ ದಿನದ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದ. ತನಗಾಗಿ ಅಲ್ಲ, ನನಗೆ ಕೇಳಿಸಲೆಂದು. ಇದ್ದಿಲಿನಿಂದ ಬೀಸುವ ಕಲ್ಲಿನ ಮೇಲೆ ಹೊಸ ಪದ ಬರೆದು ನನ್ನಿಂದ ಓದಿಸುತ್ತಿದ್ದ. ತಪ್ಪಿದರೆ ತನ್ನ ಮಾಸ್ತರರ ಹಾಗೆ ಹುಬ್ಬು ಗಂಟು ಹಾಕಿ ಸವಟಿನಿಂದ ನನ್ನ ಕೈಗೆ ಮೆಲ್ಲಗೆ ಹೊಡೆಯುತ್ತಿದ್ದ. ಒಳಗಿನಿಂದ ಅವ್ವ, ರೊಟ್ಟಿ ಸುಟ್ಟ ವಾಸನೆ ಬರಾಕತ್ತೈತಿ, ಅಕ್ಕ ತಮ್ಮ ಇಬ್ಬರೂ ಇವತ್ತು ಕರಕಲು ತಿನ್ರಿ ಅನ್ನುತ್ತಿದ್ದಳು. ನಾನು ಇಷ್ಟು ಬರೆಯಬಲ್ಲೆನಾದರೆ ಅದು ಆ ಕರಕಲು ರೊಟ್ಟಿಯಿಂದ.

ಉದ್ದ ಕತ್ತು, ಎದ್ದು ಕಾಣುವ ಕಿವಿ. ಚಪ್ಪಲಿ ಸವೆಯುತ್ತದೆಂದು ಕೈಯಲ್ಲಿ ಹಿಡಿದು ನಡೆಯುವವನು. ಊರು ಹತ್ತಿರ ಬಂದಾಗ, ನಾಲ್ಕು ಜನ ನೋಡುವ ಕಡೆ ಮಾತ್ರ ಕಾಲಿಗೆ ಹಾಕುತ್ತಿದ್ದ. ಅದನ್ನು ನೋಡಿ ನಗುವವರಿಗೆ, ಚಪ್ಪಲಿ ಇರೂದು ತೋರ್ಸಾಕ, ನಡಿಯಾಕ ಕಾಲು ಅದಾವಲ್ಲ ಅನ್ನುತ್ತಿದ್ದ.

ಎಲ್ಲದಕ್ಕೂ ಅವನದು ಒಂದೇ ಮಾತು: "ನಾ ಅದೀನಲ್ಲ." ಕೊಡ ಒಡೆದರೆ ನಾ ಅದೀನಲ್ಲ, ಹೊಲಕ್ಕೆ ಆಳು ಬರದಿದ್ದರೆ ನಾ ಅದೀನಲ್ಲ. ಹೇಳಿದಷ್ಟು ಮಾಡುತ್ತಿದ್ದನೆಂದಲ್ಲ. ಒಂದು ಸಲ ಎತ್ತು ಹಗ್ಗ ಹರಿದುಕೊಂಡು ಓಡಿತು. ಅಪ್ಪ ಕೂಗಾಡುತ್ತಿದ್ದರೆ ಇವನು ಎದೆ ತಟ್ಟಿಕೊಂಡು ಹೋದ. ಸಂಜೆ ಎತ್ತು ತಾನೇ ದಾರಿ ಹಿಡಿದು ಮನೆಗೆ ಬಂತು, ಹಿಂದೆ ಇವನು ಕುಂಟುತ್ತ ಬಂದ. ಎತ್ತೇ ಇವನನ್ನು ಹುಡುಕಿ ತಂದಂತಿತ್ತು. ಆದರೂ ಆ ಮಾತು ಅವನ ಬಾಯಿಂದ ಬಂದರೆ ಮನಸ್ಸಿಗೆ ಒಂಥರಾ ಧೈರ್ಯ ಬರುತ್ತಿತ್ತು.

ಯಾವುದಕ್ಕೂ ಅಂಜದ ಹುಡುಗ ಹಾವಿಗೆ ಮಾತ್ರ ಅಂಜುತ್ತಿದ್ದ. ಹಗ್ಗ ಬಿದ್ದಿದ್ದರೂ ಬಳಸಿ ನಡೆಯುತ್ತಿದ್ದ. ಹಳ್ಳದಲ್ಲಿ ನೀರಹಾವು ಕಂಡರೆ ನನ್ನ ಬೆನ್ನೇರಿ ಕುಳಿತು ಕುತ್ತಿಗೆ ಹಿಸುಕುತ್ತಿದ್ದ. ಪಂಚಮಿಯ ದಿನ ನಾವು ಹೆಂಗಸರು ಬೇವಿನ ಮರದ ಕೆಳಗಿನ ನಾಗರಕಲ್ಲಿಗೆ ಹಾಲೆರೆಯುವಾಗ, ಕಲ್ಲಿನ ಹಾವಿಗೂ ಅಂಜಿ, ದೂರದಲ್ಲೇ ನಿಲ್ಲುತ್ತಿದ್ದ. ಎರಡು ಕೊಬ್ಬರಿ ಬಟ್ಟಲಿಗೆ ದಾರ ಕಟ್ಟಿಕೊಂಡು ಗಿರಗಿರ ತಿರುಗಿಸುತ್ತ ಅಲ್ಲಿಂದಲೇ ಕೂಗುತ್ತಿದ್ದ. "ಅಕ್ಕಾ, ನನ್ನ ಪಾಲು ಜಾಸ್ತಿ ಎರಿ." ಹಾಲು ಮುಗಿದಿದ್ದರೆ ಬಟ್ಟಲು ತೊಳೆದ ನೀರನ್ನಾದರೂ ಇನ್ನೊಮ್ಮೆ ಅವನ ಪಾಲಿಗೆಂದು ಎರೆಯಬೇಕಿತ್ತು. ಎರೆದದ್ದು ಕಣ್ಣಾರೆ ನೋಡಿದ ಮೇಲೆಯೇ ಅವನು ಜೋಕಾಲಿಯ ಕಡೆಗೆ ಓಡುತ್ತಿದ್ದದ್ದು.

ನನ್ನನ್ನು ಸಿರುಗುಪ್ಪಕ್ಕೆ ಕೊಟ್ಟರು. ಗಂಡನ ಮನೆಯವರಿಗೆ ರಾರಾವಿಯ ದಾರಿಯಲ್ಲಿ ಕಾಲುವೆ ನೀರಿನ ಗದ್ದೆ ಇತ್ತು. ಜೋಳದ ಹೊಲದಿಂದ ಭತ್ತದ ಗದ್ದೆಗೆ ಬಂದವಳು ನಾನು. ಕಳಿಸುವ ದಿನ ಅಳುತ್ತಿದ್ದ ನನ್ನ ಹತ್ತಿರ ಬಂದು ತಮ್ಮ, ಪಂಚಮಿಗೆ ಕರೆಯಲು ಬರುತ್ತೇನೆ, ಯಾರು ಬರದಿದ್ದರೂ ನಾ ಅದೀನಲ್ಲ ಅಂದ. ಅವನಿಗೆ ಆಗ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ.

ಹೇಳಿದಂತೆ ಬಂದ. ಕುರುಗೋಡಿನಿಂದ ಬಳ್ಳಾರಿಗೆ ಒಂದು ಬಸ್ಸು, ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಇನ್ನೊಂದು. ತಲೆಯ ಮೇಲೆ ಶೇಂಗಾ ಉಂಡಿ, ಎಳ್ಳುಂಡಿಯ ಬುಟ್ಟಿ, ಕೈಯಲ್ಲಿ ಚಪ್ಪಲಿ. ಆದರೆ ಪಂಚಮಿ ಬರುವುದು ನಾಟಿಯ ಹೊತ್ತಿಗೆ. ನನ್ನ ಅತ್ತೆ ಕೆಟ್ಟವಳಲ್ಲ, ಆದರೆ ಕೆಲಸದ ಮುಂದೆ ಹಬ್ಬ ಗೊತ್ತಿದ್ದವಳಲ್ಲ. "ನಾಟಿ ಮುಗಿಯೂತನಕ ಕಳಸಾಕ ಆಗಾದಿಲ್ಲಪಾ," ಅಂದಳು. "ಆಳಿನವರಿಗೆ ರೊಟ್ಟಿ ಬಡಿಯೋರು ಯಾರು? ನೀ ಬಡೀತಿಯೇನು?"

"ರೊಟ್ಟಿ ಬ್ಯಾಡ ದೊಡ್ಡವ್ವ, ನೀವು ಉಪವಾಸ ಬೀಳ್ತೀರಿ," ಅಂದ ಅವನು. "ನಾಳಿ ಒಂದಿನ ನಿಮ್ಮ ಗದ್ದ್ಯಾಗ ನಾ ಆಳು. ನಾಡದ ಅಕ್ಕನ್ನ ಕಳಸ್ರಿ."

ಮರುದಿನ ಚಡ್ಡಿ ಏರಿಸಿಕೊಂಡು ಗದ್ದೆಗೆ ಇಳಿದೇಬಿಟ್ಟ. ಭತ್ತದ ಸಸಿಯನ್ನು ಜನ್ಮದಲ್ಲಿ ಮುಟ್ಟಿದವನಲ್ಲ. ಮೊಣಕಾಲಿನವರೆಗೆ ಹೂತು, ಎಳೆದ ಕಾಲು ಬಾರದೆ, ಸಸಿಯನ್ನು ಮುಷ್ಟಿ ಹಿಡಿದು ಕೆಸರಿನೊಳಗೆ ತುರುಕುತ್ತಿದ್ದ. ನಾಟಿಯ ಹೆಂಗಸರಿಗೆ ಅದಕ್ಕಿಂತ ದೊಡ್ಡ ಹಬ್ಬ ಬೇಕಿರಲಿಲ್ಲ. ಮೆಣಸಿನಕಾಯಿ ಊರಿನ ತಮ್ಮಾ, ಸಸಿ ಹಚ್ಚಾಕತ್ತಿಯೋ ಹೂಳಾಕತ್ತಿಯೋ ಎಂದು ಒಬ್ಬಳು ಕೇಳಿದರೆ, ಹೂಳಿದರೂ ಏಳ್ತಾವು ಬಿಡ್ರಿ ಎಂದು ಇವನ ಉತ್ತರ. ಅಷ್ಟರಲ್ಲಿ ಒಂದು ನೀರಹಾವು ಅವನ ಕಾಲಿನ ಪಕ್ಕದಲ್ಲೇ ಹರಿದು ಹೋಯಿತು. ಕೆಸರು ಎಳೆದು ಹಿಡಿದಿದ್ದ ಕಾಲು ಹೇಗೆ ಬಿಡಿಸಿಕೊಂಡಿತೋ, ಸಸಿಯ ಕಟ್ಟನ್ನು ಎದೆಗೆ ಅವಚಿಕೊಂಡು ಬದುವಿನ ಮೇಲೆ ನಿಂತಿದ್ದ. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮರುದಿನ ತಾನೇ ನನ್ನ ಚೀಲ ಕಟ್ಟಿ ಕಳಿಸಿದಳು.

ಅಂದಿನಿಂದ ಅದೇ ಒಪ್ಪಂದವಾಯಿತು. ವರ್ಷವೂ ಪಂಚಮಿಯ ಮುಂಚೆ ಬಂದು ಒಂದು ದಿನ ನಾಟಿ ಮಾಡುವುದು, ನನ್ನನ್ನು ಕರೆದುಕೊಂಡು ಹೋಗುವುದು. ನಿನ್ನ ತಮ್ಮ ಹಚ್ಚಿದ್ದನ್ನು ಕಿತ್ತು ಮತ್ತೆ ಹಚ್ಚಲು ಎರಡು ಆಳು ಬೇಕು ಎಂದು ಅತ್ತೆ ಬೈಯುತ್ತಿದ್ದಳು. ಬೈದುಕೊಂಡೇ ಅವನ ರೊಟ್ಟಿಗೆ ಕೈತುಂಬ ಬೆಣ್ಣೆ ಹಾಕುತ್ತಿದ್ದಳು. ನಾಟಿಯ ಹೆಂಗಸರು ಆಷಾಢದಲ್ಲೇ ನನ್ನನ್ನು ಕೇಳಲು ಶುರು ಮಾಡುತ್ತಿದ್ದರು, ಹೂಳುವವನು ಯಾವಾಗ ಬರ್ತಾನ ಎಂದು.

ಸೈನ್ಯಕ್ಕೆ ಸೇರಿದ್ದೂ ಅವನ ರೀತಿಯಲ್ಲೇ. ಮೆಣಸಿನಕಾಯಿ ಮಾರಲು ಬಳ್ಳಾರಿಗೆ ಹೋಗಿದ್ದಾಗ ಕಂಟೋನ್ಮೆಂಟಿನ ಮೈದಾನದಲ್ಲಿ ಭರ್ತಿ ನಡೆಯುತ್ತಿತ್ತು. ಸಾಲಿನಲ್ಲಿ ಹೋಗಿ ನಿಂತ. ತೂಕ ಸಾಲದೆಂದು ವಾಪಸು ಕಳಿಸಿದರು. ಮುಂದಿನ ಸಲ ಹೋದಾಗ ಓಟ ಮುಗಿಸಿ, ತೂಕಕ್ಕೆ ಕರೆಯುವ ಮುಂಚೆ, ಗೇಟಿನ ಹೊರಗೆ ಬಾಳೆಹಣ್ಣಿನವನ ಬುಟ್ಟಿಯನ್ನು ಹೆಚ್ಚು ಕಡಿಮೆ ಖಾಲಿ ಮಾಡಿ, ನಲ್ಲಿಗೆ ಬಾಯಿ ಹಚ್ಚಿ ನೀರು ಕುಡಿದ. ತೂಕ ಸರಿಯಾಯಿತು. ಮೊದಲು ತೂಕ ಮಾಡಿ ಆಮೇಲೆ ಓಡಿಸಿದ್ದರೆ ಎಲ್ಲ ಮೈದಾನದಾಗ ಬಿಟ್ಟು ಬರ್ತಿದ್ದೆ ಅಕ್ಕಾ ಎಂದು ನನ್ನ ಮುಂದೆ ಹೇಳಿ ನಕ್ಕ.

ಇರುವವನು ಒಬ್ಬ ಮಗ ಎಂದು ಅಪ್ಪ ಅವನ ಜೊತೆ ಮಾತು ಬಿಟ್ಟ. ಅವ್ವ ಊಟ ಬಿಟ್ಟಳು. ನಾನು ಸಿರುಗುಪ್ಪದಿಂದ ಹೋದೆ. ಕಣ್ಣಲ್ಲಿ ನೀರು ತಂದುಕೊಂಡು ತಮ್ಮ ನನ್ನ ಕೈ ಹಿಡಿದ. "ಗುಡ್ಡದ ಮ್ಯಾಲ ನಿಂತ್ರ ಎಲ್ಲಾ ಕಡಿ ಕಾಣ್ತೈತಿ ಅಕ್ಕಾ. ಅಲ್ಲಿಗೆ ಹೋಗಾಕ ಮಾತ್ರ ಯಾರೂ ಬಿಡವಲ್ರು." ಅವನು ಅಳುವುದನ್ನು ನಾನು ನೋಡಿದ್ದು ಕಡಿಮೆ. ಅವ್ವನನ್ನು ಒಪ್ಪಿಸಿದವಳು ನಾನೇ. ಅದಕ್ಕಾಗಿ ನನಗೆ ಬೇಸರವಿಲ್ಲ. ಅದು ಅವನು ಬೇಡಿದ್ದು. ಬೇಡಿದ ಇನ್ನೊಂದನ್ನು ಕೊಡಲಿಲ್ಲವಲ್ಲ, ಅದಕ್ಕಾಗಿ ಇದೆ.

ಸೈನ್ಯಕ್ಕೆ ಹೋದ ಮೊದಲ ವರ್ಷ ಪಂಚಮಿಗೆ ಅವನಿಗೆ ರಜೆ ಸಿಗಲಿಲ್ಲ. ಅಪ್ಪನಿಗೆ ಮೊಣಕಾಲು ನೋವು. ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಸಿರುಗುಪ್ಪದಲ್ಲೇ ಕಾಲುವೆ ದಂಡೆಯ ಹುತ್ತಕ್ಕೆ ಹೋಗಿ ಅವನ ಪಾಲನ್ನು ಎರಡು ಸಲ ಎರೆದೆ, ಅವನು ದೂರದಲ್ಲಿ ನಿಂತು ಕೂಗುತ್ತಿದ್ದಾನೆ ಅಂದುಕೊಂಡು.

ಮರುವರ್ಷ ಯುದ್ಧದ ವರ್ಷ. ಆಷಾಢದ ಕೊನೆಗೆ ರಜೆಯಲ್ಲಿ ಕುರುಗೋಡಿಗೆ ಬಂದ. ಸಿರುಗುಪ್ಪಕ್ಕೆ ಬರುವವರ ಕೈಯಲ್ಲಿ ಹೇಳಿ ಕಳಿಸಿದ: ಪಂಚಮಿಯ ಮುನ್ನಾದಿನದ ರೊಟ್ಟಿ ಹಬ್ಬಕ್ಕೆ ಒಂದು ದಿನ ಮೊದಲೇ ಬರುತ್ತೇನೆ, ಒಂದು ದಿನ ಗದ್ದೆಗೆ ಇಳಿಯುತ್ತೇನೆ, ಅಕ್ಕ ಚೀಲ ಕಟ್ಟಿಕೊಂಡಿರಲಿ. ನಾನು ಓಣಿಗೆಲ್ಲ ಹೇಳಿದೆ. ನಾಟಿಯ ಹೆಂಗಸರಿಗೆ ಹೇಳಿದೆ. ಎಲ್ಲರಿಗಿಂತ ಹೆಚ್ಚಾಗಿ ನನ್ನ ನೆಗೆಣ್ಣಿಗೆ, ಅಂದರೆ ನನ್ನ ಭಾವನ ಹೆಂಡತಿಗೆ, ಕೇಳಿಸುವ ಹಾಗೆ ಹೇಳಿದೆ. ಅವಳನ್ನು ಕರೆಯಲು ವರ್ಷವೂ ಅಣ್ಣಂದಿರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಹೋದ ವರ್ಷ ನಾನು ಒಬ್ಬಳೇ ಉಳಿದದ್ದನ್ನು ಅವಳು ವರ್ಷವಿಡೀ ಬಾಯಿಗೆ ಬಂದಾಗಲೆಲ್ಲ ಆಡಿದ್ದಳು.

ಬರುತ್ತೇನೆಂದ ದಿನ ಅವನು ಬರಲಿಲ್ಲ. ರೊಟ್ಟಿ ಹಬ್ಬದ ದಿನವೂ ಬರಲಿಲ್ಲ. ಬಸ್ಸಿನ ಸದ್ದಾದಾಗಲೆಲ್ಲ ಹೊಸ್ತಿಲಿಗೆ ಬಂದು ನಿಂತೆ. ನೆಗೆಣ್ಣಿ ಗಾಡಿ ಹತ್ತುವಾಗ ನನ್ನ ಕಟ್ಟಿದ ಚೀಲದ ಕಡೆ ನೋಡಿ, ಮಿಲಿಟರಿ ತಮ್ಮ ತೋಪು ಎಳಕೊಂಡು ಬರಾಕತ್ತಿರಬೇಕು, ಅದಕ್ಕ ತಡ ಆಗೇತಿ ಅಂದಳು. ಗಾಡಿಯ ಮೇಲಿದ್ದವರೆಲ್ಲ ನಕ್ಕರು. ಒಳಗೆ ಹೋಗಿ ಚೀಲ ಬಿಚ್ಚಿ ಸೀರೆಗಳನ್ನು ಪೆಟ್ಟಿಗೆಗೆ ಎಸೆದೆ.

ಮರುದಿನ ಪಂಚಮಿ. ಅತ್ತೆ, ಓಣಿಯ ಹೆಂಗಸರು, ನಾನು ಹುತ್ತಕ್ಕೆ ಹೋದೆವು. ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಪ್ಪನ ಪಾಲು ಎರೆದೆ. ಗಂಡನ ಪಾಲು, ಮಕ್ಕಳ ಪಾಲು ಎರೆದೆ. ಅಲ್ಲಿಗೆ ನಿಲ್ಲಿಸಿದೆ.

"ತಮ್ಮನ ಪಾಲು ಬಿಟ್ಟಿ ನೋಡವಾ," ಅಂದಳು ಅತ್ತೆ.

"ಅವನಿಗೆ ಸರ್ಕಾರ ಎರೀತೈತಿ ಬಿಡ್ರಿ ಅತ್ತಿ," ಅಂದೆ.

ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಚೆನ್ನಾಗಿ ಮಾತಾಡಿದೆನೆಂದು ನನಗೂ ಅನ್ನಿಸಿತು. ಬಟ್ಟಲಿನಲ್ಲಿ ಉಳಿದಿದ್ದ ಹಾಲನ್ನು ಪಕ್ಕದ ಜಾಲಿ ಗಿಡದ ಬುಡಕ್ಕೆ ಚೆಲ್ಲಿ ಬಂದೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಅವನು ಬಂದ. ಖಾಕಿಯಲ್ಲಿದ್ದ. ಮಳೆ ಬಂದು ದಾರಿ ಕೆಸರಾಗಿತ್ತು, ಬೂಟುಗಳನ್ನು ದಾರದಿಂದ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ರಜೆ ಮುಗಿಯುವ ಮುಂಚೆಯೇ ಕೂಡಲೇ ಬಾ ಎಂದು ತಂತಿ ಬಂದಿತ್ತಂತೆ. ಇಲ್ಲಿಗೆ ಹೊರಟವನು ಬಳ್ಳಾರಿಯ ಸ್ಟೇಷನ್ನಿನಲ್ಲಿ ರೈಲಿನ ಜಾಗಕ್ಕಾಗಿ ಅಲೆದಾಡಬೇಕಾಯಿತಂತೆ. ರೈಲು ಮರುದಿನಕ್ಕೆ ಎಂದು ಗೊತ್ತಾದ ಕೂಡಲೇ ಬಸ್ಸು ಹತ್ತಿದ್ದ. ಬಂದ ಬಸ್ಸು ತಿರುಗಿ ಹೋಗುವುದರೊಳಗೆ ಹೋಗಬೇಕಿತ್ತು. ಇದೆಲ್ಲವನ್ನೂ ಅವನು ಪಡಸಾಲೆಯಲ್ಲಿ ಅತ್ತೆಗೆ ಹೇಳುತ್ತಿದ್ದ. ನನಗೆ ಅಡುಗೆ ಮನೆಯಲ್ಲಿ ಕೇಳಿಸುತ್ತಿತ್ತು. ಈ ವರ್ಷ ನಿಮ್ಮ ಆಳು ತಪ್ಪಿಸಿದ ದೊಡ್ಡವ್ವ, ಮುಂದಿನ ವರ್ಷ ಎರಡು ದಿನ ಹಚ್ತಾನ ಅಂದ.

ಆಮೇಲೆ ಒಳಗೆ ಬಂದು, ಚಿಕ್ಕಂದಿನ ಹಾಗೆ, ಒಲೆಯ ಮುಂದೆ ಕುಳಿತ. ನಾನು ಆಳಿನವರ ರೊಟ್ಟಿ ಬಡಿಯುತ್ತಿದ್ದೆ. ಬಡಿಯುವುದನ್ನು ನಿಲ್ಲಿಸಲಿಲ್ಲ, ತಿರುಗಿ ನೋಡಲಿಲ್ಲ. ಅವ್ವ ಕಳಿಸಿದ ಉಂಡಿಯ ಬುಟ್ಟಿಯನ್ನು ಮುಂದೆ ಹಿಡಿದ. ಅಲ್ಲಿಡು ಅಂದೆ. ಒಂದು ತಾಟಿನಲ್ಲಿ ರೊಟ್ಟಿ, ಪಲ್ಯ ಹಾಕಿ ನೂಕಿದೆ. ತಿಂದ. ಅಲ್ಲಿಯ ಚಳಿಯ ಬಗ್ಗೆ, ಗೋಧಿ ರೊಟ್ಟಿಯ ಬಗ್ಗೆ, ಹಿಂದಿ ಬಾರದೆ ತಾನು ಪಟ್ಟ ಪಾಡಿನ ಬಗ್ಗೆ ಹೇಳಿದ. ನಗಬೇಕಾದ ಕಡೆ ನಾನು ನಗಲಿಲ್ಲ. ಸಿಟ್ಟು ಇಳಿಯುತ್ತಿರುವುದು ನನಗೇ ಗೊತ್ತಾಗುತ್ತಿತ್ತು. ಇಷ್ಟು ಬೇಗ ಇಳಿಸಬಾರದೆಂದು ಬಿಗಿಯಾಗಿ ಕುಳಿತಿದ್ದೆ. ಅವನು ಇನ್ನೊಂದು ಸಲ ಕರೆದಿದ್ದರೆ ತಿರುಗುತ್ತಿದ್ದೆನೋ ಏನೋ. ಹೊರಗೆ ಬಸ್ಸಿನ ಹೊತ್ತಾಯಿತೆಂದು ಯಾರೋ ಕೂಗಿದರು. ಎದ್ದು ಬಾಗಿಲ ಹತ್ತಿರ ಹೋಗಿ ನಿಂತ.

"ಅಕ್ಕಾ, ನನ್ನ ಪಾಲು ಎರದಿಯಿಲ್ಲ?"

"ಎರದೀನಿ."

"ಜಾಸ್ತಿ ಎರದಿಯಾ?"

"ಹೂಂ."

"ಹಂಗಾದ್ರ ಚಿಂತಿಲ್ಲ ಬಿಡು," ಅಂದ.

ಯಾವಾಗಲೂ ಬಸ್ಸಿನವರೆಗೆ ಹೋಗಿ ಕಳಿಸಿ ಬರುತ್ತಿದ್ದೆ. ಅಂದು ಹೋಗಲಿಲ್ಲ. ಒಲೆಯ ಮುಂದೆ ಕುಳಿತೇ ಬಸ್ಸಿನ ಹಾರನ್ ಕೇಳಿದೆ.

ಪಡಸಾಲೆಯಲ್ಲಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. ಸಂಜೆ ಹೂವು ಕಟ್ಟುತ್ತ, ಯಾಕ ಸುಳ್ಳು ಹೇಳಿದಿ ಎಂದು ಮೆಲ್ಲಗೆ ಕೇಳಿದಳು. ಬೈಯಲಿಲ್ಲ. ಶ್ರಾವಣ ಇನ್ನೂ ಐತಿ, ಸೋಮವಾರ ಹುತ್ತಕ್ಕೆ ಹೋಗಿ ಎರೆದು ಬಾ, ಹೇಳಿದ ಮಾತು ಖರೇ ಆಗ್ತೈತಿ ಅಂದಳು. ಹೂಂ ಅಂದೆ. ಆ ಸೋಮವಾರ ಗದ್ದೆಯಲ್ಲಿ ಜನ ಹೆಚ್ಚಿದ್ದರು. ಮುಂದಿನ ಸೋಮವಾರ ಮಗುವಿಗೆ ಜ್ವರ. ಅದರ ಮುಂದಿನದು ಏನಾಗಿತ್ತೋ ನೆನಪೂ ಇಲ್ಲ. ಹುತ್ತ ಎಷ್ಟು ದೂರ? ನಮ್ಮ ಹಿತ್ತಿಲಿನಿಂದ ಕಾಣುತ್ತಿತ್ತು. ಸಿಟ್ಟು ಇದ್ದದ್ದು ಎರಡೇ ದಿನ, ಉಳಿದದ್ದೆಲ್ಲ ಆಲಸ್ಯ. ಶ್ರಾವಣ ಮುಗಿಯಿತು. ಮುಂದಿನ ವರ್ಷ ಎರೆದರಾಯಿತು ಅಂದುಕೊಂಡೆ.

ಚಳಿಗಾಲದಲ್ಲಿ ಯುದ್ಧ ಶುರುವಾಯಿತು. ಅಕ್ಕಿ ಗಿರಣಿಯ ರೇಡಿಯೋ ಮುಂದೆ ಗಂಡಸರು ಗುಂಪು ಕೂಡುತ್ತಿದ್ದರು. ನಾನು ನುಚ್ಚು ತರುವ ನೆಪದಲ್ಲಿ ಹೋಗಿ ಹಿಂದೆ ನಿಲ್ಲುತ್ತಿದ್ದೆ. ಊರುಗಳ ಹೆಸರು ಯಾವುದೂ ನನಗೆ ಗೊತ್ತಿಲ್ಲ. ನಮ್ಮವರು ಮುಂದೆ ಹೋಗಿದ್ದಾರೆ ಅಂದರೆ ಗಿರಣಿಯವರು ಚಪ್ಪಾಳೆ ತಟ್ಟುತ್ತಿದ್ದರು. ಮುಂದೆ ಹೋದವರಲ್ಲಿ ಅವನೂ ಇದ್ದಾನೆಯೇ ಎಂದು ಯಾರನ್ನು ಕೇಳುವುದು?

ಯುದ್ಧ ಮುಗಿಯಿತು, ಗೆದ್ದೆವು ಎಂದು ಪೇಡೆ ಹಂಚಿದ ಮೇಲೆ ಒಂದು ಬೆಳಿಗ್ಗೆ ಕುರುಗೋಡಿನಿಂದ ಚಿಕ್ಕಪ್ಪ ಬಂದ. ಅವ್ವಗ ಸ್ವಲ್ಪ ಆರಾಮಿಲ್ಲ, ಕರಿಯಾಕ ಬಂದೀನಿ ಅಂದ. ಕರೆಯಲು ಬರುವ ಕಾಲವಲ್ಲ ಅದು. ಬಸ್ಸಿನಲ್ಲಿ ಅವನು ಕಿಟಕಿಯ ಕಡೆಯೇ ನೋಡುತ್ತಿದ್ದ. ಬಳ್ಳಾರಿಯಲ್ಲಿ ಬಸ್ಸು ಬದಲಿಸುವಾಗ ಚಹಾ ಕೊಡಿಸಿದ. ನನ್ನ ಕೈಗೆ ಲೋಟ ಕೊಟ್ಟು ತನ್ನ ಲೋಟ ಹಿಡಿದುಕೊಂಡು, ಅಷ್ಟು ಜನರ ನಡುವೆ ನಿಂತು ಅತ್ತ. ಆ ಚಹಾವನ್ನು ಪೂರ್ತಿ ಕುಡಿದೆ. ಯಾಕೆ ಕುಡಿದೆನೋ ಗೊತ್ತಿಲ್ಲ.

ಪಂಜಾಬಿನ ಗಡಿಯಲ್ಲಿ ತೋಪಿನ ಗುಂಡು ಬಿದ್ದು ಹೋಗಿದ್ದ. ದೇಹ ಬರಲಿಲ್ಲ. ಅಲ್ಲಿಯೇ ಸುಟ್ಟರಂತೆ. ನಮ್ಮವರಲ್ಲಿ ಸುಡುವುದಿಲ್ಲ. ಹೋದವರನ್ನು ಕುಣಿಯಲ್ಲಿ ಕುಳ್ಳಿರಿಸಿ, ವಿಭೂತಿ ಇಟ್ಟು, ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕುತ್ತಾರೆ. ಜಗಳವಿದ್ದವರು, ಮಾತು ಬಿಟ್ಟವರು, ಆ ಹಿಡಿ ಮಣ್ಣು ಹಾಕುವಾಗ ಮನಸ್ಸಿನಲ್ಲೇ ಕೇಳಿಕೊಂಡು ಹಗುರಾಗುತ್ತಾರೆ. ನಮಗೆ ಕುಣಿ ಇರಲಿಲ್ಲ. ಅವ್ವ ಅಂಗಳದಲ್ಲಿ ಕುಳಿತು ನೆಲವನ್ನು ಕೆರೆದು ಕೆರೆದು ಹಿಡಿ ಮಣ್ಣು ತೆಗೆದುಕೊಂಡು, ಬಂದವರಿಗೆಲ್ಲ ಕೈ ತೋರಿಸಿ, ಇದನ್ನ ಎಲ್ಲಿ ಹಾಕ್ಲಿ ಎಂದು ಕೇಳುತ್ತಿದ್ದಳು. ಅಪ್ಪ ಮಗನ ಜೊತೆ ಮತ್ತೆ ಮಾತು ಶುರು ಮಾಡಿದ್ದು ಆ ಕೊನೆಯ ರಜೆಯಲ್ಲಿ. ಅಪ್ಪನಿಗೆ ಅಷ್ಟಾದರೂ ಇತ್ತು.

ಕೆಲವು ತಿಂಗಳಾದ ಮೇಲೆ ಅವನ ಜೊತೆಯಲ್ಲಿದ್ದ ಆದೋನಿ ಕಡೆಯ ಸಿಪಾಯಿಯೊಬ್ಬ ಕುರುಗೋಡಿಗೆ ಬಂದ. ನಾನು ಅಲ್ಲಿಯೇ ಇದ್ದೆ. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಮಾತಾಡಿದ. ಮಳೆಗಾಲದಲ್ಲಿ ಗಡಿಯಲ್ಲಿ ಕಂದಕ ತೋಡಿ ಕುಳಿತಿದ್ದಾಗ ಅದರೊಳಗೆ ಹಾವು ಚೇಳು ಬರುತ್ತಿದ್ದವಂತೆ. ಒಬ್ಬರಿಗೂ ಸರಿಯಾಗಿ ನಿದ್ದೆಯಿಲ್ಲ. ನಿಮ್ಮ ಹುಡುಗ ಮಾತ್ರ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ ಎಂದು ಅವ್ವನಿಗೆ ಹೇಳಿದ. ಹೆದರಿಕೆಯಿಲ್ಲವೇ ಎಂದು ಕೇಳಿದರೆ, ಊರಲ್ಲಿ ನಮ್ಮಕ್ಕ ಹಾಲು ಎರದಾಳ, ಜಾಸ್ತಿ ಎರದಾಳ, ನನ್ನ ಮುಟ್ಟಂಗಿಲ್ಲ ಅನ್ನುತ್ತಿದ್ದನಂತೆ. ಎಲ್ಲರೂ ಅವನನ್ನು ಗೇಲಿ ಮಾಡುತ್ತಿದ್ದರಂತೆ. ಹಗ್ಗ ಕಂಡರೆ ಬಳಸಿ ನಡೆಯುತ್ತಿದ್ದವನು. ಆ ಸಿಪಾಯಿ ನನ್ನ ಕಡೆ ತಿರುಗಿ, ಆ ಅಕ್ಕ ನೀವೇ ಏನ್ರಿ ಎಂದು ಕೈ ಮುಗಿದ. ಅವ್ವ ನನ್ನ ತಲೆ ಸವರಿದಳು. ನಾನು ನೀರು ತರುತ್ತೇನೆಂದು ಎದ್ದು ಹೋದೆ.

ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಸಭೆ ಮಾಡಿ ಅಪ್ಪ ಅವ್ವನಿಗೆ ಶಾಲು ಹೊದಿಸಿದರು. ವೀರನ ಅಕ್ಕ ಎಂದು ನನ್ನನ್ನೂ ವೇದಿಕೆಗೆ ಕರೆದು ಎರಡು ಮಾತು ಹೇಳಿ ಅಂದರು. ಒಳ್ಳೆಯವನಿದ್ದ ಎಂದು ಹೇಳಿ ಕುಳಿತೆ. ದುಃಖದಲ್ಲಿ ಮಾತು ಬರುತ್ತಿಲ್ಲ ಎಂದು ಮೈಕಿನಲ್ಲಿ ಯಾರೋ ಹೇಳಿದರು. ಜನ ಮರುಗಿದರು.

ಅವನು ಹೋದ ಮೇಲಿನ ಮೊದಲ ಪಂಚಮಿಗೆ ಸಿರುಗುಪ್ಪದ ಹುತ್ತದ ಮುಂದೆ ಬಟ್ಟಲು ಹಿಡಿದು ಕುಳಿತಿದ್ದೆ. ಅಪ್ಪನ ಪಾಲು ಆದ ಮೇಲೆ ಬಾಯಿ ತೆರೆದೆ. ಅತ್ತೆ ನನ್ನ ಮಣಿಕಟ್ಟು ಹಿಡಿದಳು. "ಬ್ಯಾಡವಾ. ಹೋದೋರಿಗೆ ಎರೀಬಾರದು. ಮಕ್ಕಳಿರೋ ಮನಿ." ಅವಳ ಕಣ್ಣಲ್ಲೂ ನೀರಿತ್ತು. ನನ್ನ ಜೊತೆ ಅವತ್ತು ನಕ್ಕಿದ್ದಳಲ್ಲ, ಅದು ಅವಳಿಗೂ ನೆನಪಿತ್ತು. ಕೈ ಕೆಳಗಿಳಿಸಿದೆ. ಎರೆಯಬೇಕಾದಾಗ ಎರೆಯಲಿಲ್ಲ, ಈಗ ಎರೆಯುವ ಹಾಗಿಲ್ಲ. ಅಂದಿನಿಂದ ವರ್ಷವೂ ಅವನ ಪಾಲಿನ ಸರದಿ ಬಂದಾಗ ನನ್ನ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ನೋಡಿದವರು ಪಾಪ ಅನ್ನುತ್ತಿದ್ದರು.

ಪಂಚಮಿಗೆ ಕುರುಗೋಡಿಗೆ ಹೋಗುವುದೂ ನಿಂತಿತು. ಕರೆಯಲು ಬರುವ ಅಣ್ಣ ತಮ್ಮಂದಿರಿಲ್ಲದೆ ಹೆಣ್ಣುಮಗಳು ಆ ಹಬ್ಬಕ್ಕೆ ತಾನಾಗಿ ತವರಿಗೆ ಹೋಗುವುದಿಲ್ಲ. ಅಪ್ಪ ತೀರಿಕೊಂಡಾಗ ಹೋದೆ, ಮದುವೆ ಮುಂಜಿಗೆ ಹೋದೆ, ಪಂಚಮಿಗೆ ಮಾತ್ರ ಇಲ್ಲ. ಅವ್ವ ಚಿಕ್ಕಪ್ಪನ ಮನೆಯ ಮೊಮ್ಮಕ್ಕಳ ಗಲಾಟೆಯಲ್ಲಿ ದಿನ ಕಳೆಯುತ್ತಿದ್ದಳು. ಅವಳ ಪಕ್ಕದಲ್ಲಿ ಮಲಗಿದಾಗ ಎಷ್ಟೋ ಸಲ ಹೇಳಬೇಕೆಂದು ಬಾಯಿ ತೆರೆದಿದ್ದೇನೆ. ಮಗ ಹೆದರಿಕೆಯಿಲ್ಲದೆ ನಿದ್ದೆ ಮಾಡಿದ್ದ ಎಂಬುದೊಂದೇ ಅವಳಿಗೆ ಉಳಿದ ಸಮಾಧಾನ. ಅದನ್ನು ಹೇಗೆ ಕಿತ್ತುಕೊಳ್ಳಲಿ?

ಹೋದ ವರ್ಷ ಅತ್ತೆ ತೀರಿಕೊಂಡಳು. ನನ್ನ ಸುಳ್ಳು ಗೊತ್ತಿದ್ದವಳು ಅವಳೊಬ್ಬಳೇ. ಅವಳೂ ಹೋದ ಮೇಲೆ ಅದು ಪೂರ್ತಿ ನನ್ನೊಬ್ಬಳದಾಯಿತು, ಹೊರಲಾರದೆ ಹೋದೆ. ಈ ವರ್ಷ ಪಂಚಮಿ ಹತ್ತಿರ ಬಂದಾಗ ಚೀಲ ಕಟ್ಟಿದೆ. ಕರೆಯಲು ಯಾರೂ ಬಂದಿಲ್ಲವಲ್ಲ ಅಂದರು ನನ್ನ ಯಜಮಾನರು. ಬರುವವರು ಯಾರಿದ್ದಾರೆ ಅಂದೆ. ಅವರೇ ಬಂದು ಬಸ್ಸು ಹತ್ತಿಸಿ ಹೋದರು. ಊರು ಹತ್ತಿರ ಬಂದಾಗ ಇಳಿದು, ಯಾಕೋ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ.

ಅವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನನ್ನು ನೋಡಿ ನನ್ನ ಹಿಂದೆ ಯಾರಿದ್ದಾರೆಂದು ಕಣ್ಣು ಕಿರಿದು ಮಾಡಿ ನೋಡಿದಳು. ಯಾರು ಕರಕೊಂಡು ಬಂದ್ರವಾ ಎಂದು ಕೇಳಿದಳು. ಯಾರೂ ಇಲ್ಲವ್ವಾ, ನಾನಾ ಬಂದೆ ಅಂದೆ.

ಪಂಚಮಿಯ ಬೆಳಿಗ್ಗೆ ಬೇವಿನ ಮರದ ಕೆಳಗೆ ಅದೇ ನಾಗರಕಲ್ಲು. ಅವ್ವ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ದೇವರ ಪಾಲು, ಗುರುವಿನ ಪಾಲು ಎರೆದಳು. ಆಮೇಲೆ ಸ್ವಲ್ಪವೂ ತಡೆಯದೆ, ಮಗನ ಪಾಲು ಅಂದಳು. ಹಾಲು ಕಲ್ಲಿನ ಹೆಡೆಯ ಮೇಲಿನಿಂದ ಇಳಿಯಿತು. ಸುತ್ತ ನಿಂತಿದ್ದವರು ತಮ್ಮ ತಮ್ಮ ಬಟ್ಟಲಿಗೆ ಹಾಲು ಹಾಕಿಕೊಳ್ಳುತ್ತಲೇ ಇದ್ದರು. ವರ್ಷವೂ ಹೀಗೇ ನಡೆದು ಬಂದಿರಬೇಕು.

"ಹೋದೋರ ಪಾಲು ಎರೀಬಾರದಂತಲ್ಲವ್ವಾ," ಅಂದೆ.

"ಅವ ಹೋಗಿದ್ದು ನಾ ನೋಡೀನೇನು?" ಅಂದಳು ಅವ್ವ. ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. "ನೀನೂ ಎರಿ. ನಿಂದೇ ಬೇಕಂತಿದ್ದ."

ಕುಳಿತೆ. ಚಿಕ್ಕಪ್ಪನ ಸೊಸೆಯಂದಿರು ನಿಂತಿದ್ದರು, ಅವ್ವ ಪಕ್ಕದಲ್ಲೇ ಇದ್ದಳು. ಅವಳಿಗೆ ಕೇಳಿಸದ ಹಾಗೆ ಹೇಳಬಹುದಿತ್ತು. ಆದರೆ ಇದು ಬಾಯಿಬಿಟ್ಟು ಹೇಳುತ್ತಲೇ ಎರೆಯಬೇಕಾದದ್ದು. ದೂರದಲ್ಲಿ, ಅವನು ನಿಲ್ಲುತ್ತಿದ್ದ ಕಡೆ ನೋಡಿದೆ. ಅಲ್ಲಿಯವರೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ.

"ತಮ್ಮಾ, ಇದು ನಿನ್ನ ಪಾಲು. ಆ ವರ್ಷ ನಾ ಎರೀಲಿಲ್ಲ. ಸಿಟ್ಟಿನಾಗ ಬಿಟ್ಟೆ, ಆಮ್ಯಾಲ ಆಲಸ್ಯ ಮಾಡಿದೆ. ನೀ ಕೇಳಿದಾಗ ನಿನ್ನ ಮಕ ಸೈತ ನೋಡದ ಎರದೀನಿ ಅಂತ ಸುಳ್ಳು ಹೇಳಿದೆ. ನಂದು ತಪ್ಪಾತಪಾ. ತಪ್ಪಾತು."